ಬಟ್ಟಲು ನುಡಿಸುವ ಮೇಜು

ಫೆಬ್ರವರಿ 9

ಅಪ್ಪಾ,

ನಿನ್ನ ಷರತ್ತಿನಂತೆ ಇದು ಕಾಗದ, ಕನ್ನಡದಲ್ಲಿ, ಕೈಬರಹದಲ್ಲಿ. ಮದುವೆಯ ಮಾರನೆಯ ದಿನವೇ ನೀನು "ಫೋನ್ ಮಾಡ್ಬೇಡ, ನಾನು ಎತ್ತಲ್ಲ. ಇಂಗ್ಲಿಷ್ ಸ್ಕೂಲು ಕೆಡಿಸಿದ್ದನ್ನ ಕಾಗದ ಸರಿಮಾಡ್ಲಿ" ಎಂದೆ. ಮಾಡಲಿ. ಆದರೆ ತಪ್ಪಿದ ಒತ್ತಕ್ಷರಕ್ಕೆಲ್ಲ ಕೆಂಪು ಪೆನ್ನಿನ ಗುರುತು ಹಾಕಿ ವಾಪಸ್ ಕಳಿಸಬೇಡ. ನನಗೀಗ ಗಂಡ ಇದ್ದಾನೆ, ಅವನ ಮುಂದೆ ಒಂದಿಷ್ಟು ಮರ್ಯಾದೆ ಬೇಕು.

ಗಂಡ. ಈ ಪದ ಬರೆದಾಗಲೆಲ್ಲ ಪೆನ್ನು ನಿಂತು ನಗುತ್ತದೆ. ನಮ್ಮದು ಎರಡು ಕೋಣೆಯ ಮನೆ. ಒಂದರಲ್ಲಿ ನಾವಿದ್ದೇವೆ, ಇನ್ನೊಂದರಲ್ಲಿ ಹಲ್ಲುಗಳಿವೆ. ಹಲ್ಲಿನ ಸೆಟ್ ಮಾಡುವವನನ್ನು ಕಟ್ಟಿಕೊಂಡರೆ ಹೀಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಬಾಚಣಿಗೆ ಹುಡುಕಲು ಹೋದರೆ ಮೇಜಿನ ಮೇಲಿಂದ ಹದಿನಾಲ್ಕು ಜನರ ದವಡೆಗಳು ನನ್ನನ್ನು ನೋಡಿ ನಗುತ್ತಿರುತ್ತವೆ. ನಾನು ಬಾಯಿಬಿಟ್ಟು ನಕ್ಕರೆ ನಿನ್ನ ಅಳಿಯ ಪ್ರೀತಿಯಿಂದ ನೋಡುತ್ತಾನೆ. ಆಮೇಲೆ ಗೊತ್ತಾಗುತ್ತದೆ, ಅವನು ನೋಡುತ್ತಿರುವುದು ಬಲಗಡೆಯ ಕೊನೆಯ ದವಡೆಹಲ್ಲನ್ನು. ಆದರೂ ಸುಖವಾಗಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸುಖವಾಗಿದ್ದೇನೆ.

ಇನ್ನು ಕೆಲಸದ ಸುದ್ದಿ. ಪಿಂಗಾಣಿ ಕಾರ್ಖಾನೆ ಎಂದರೆ ಕಪ್ಪು, ಸಾಸರು, ಧೂಳು ಎಂದುಕೊಂಡಿದ್ದೆ. ಧೂಳಿದೆ. ಆದರೆ ಹಸಿಮಣ್ಣಿನ ಬಟ್ಟಲು ಒಲೆಗೆ ಹೋಗಿ ಬರುವಷ್ಟರಲ್ಲಿ ಸಣ್ಣದಾಗುತ್ತದೆ ಎಂದು ನಿನಗೆ ಗೊತ್ತಿತ್ತೇ? ನನಗೆ ಗೊತ್ತಿರಲಿಲ್ಲ. ದಿನಕ್ಕೆ ಹತ್ತು ಹೊಸ ವಿಷಯ, ಹತ್ತಕ್ಕೂ ನಾನು "ಅಯ್ಯೋ ಹೌದಾ" ಎನ್ನುತ್ತೇನೆ. ಕಾರ್ಖಾನೆಯಲ್ಲಿ ನನಗೆ ಆಗಲೇ "ಹೌದಾ ಮೇಡಂ" ಎಂದು ಹೆಸರು ಬಿದ್ದಿದೆ.

ಇಲ್ಲಿ ಪ್ರತಿ ಮೇಜಿಗೂ ಒಂದು ಕೆಲಸದ ಕಾರ್ಡ್ ತೂಗುತ್ತಿರುತ್ತದೆ. ಅಲ್ಲಿ ಕೂತವರು ಏನು ಮಾಡಬೇಕೆಂದು ಅದು ಹೇಳುತ್ತದೆ. ಎಲ್ಲವೂ ಇಂಗ್ಲಿಷ್‌ನಲ್ಲಿದ್ದವು, ಯಾರೂ ಓದುತ್ತಿರಲಿಲ್ಲ. ನಾನು ಸೇರಿದ ತಿಂಗಳಲ್ಲೇ ನೂರ ಹನ್ನೆರಡು ಕಾರ್ಡುಗಳನ್ನೂ ಕನ್ನಡಕ್ಕೆ ತಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದೆ. ಅದನ್ನು ಮೆಚ್ಚಿ ಮ್ಯಾನೇಜರ್ ಈಗ ದೊಡ್ಡದೊಂದನ್ನು ನನ್ನ ತಲೆಗೆ ಕಟ್ಟಿದ್ದಾರೆ. ನಮ್ಮ ಕಪ್ ಕೊಳ್ಳುವ ಹೋಟೆಲಿನವರು, ನಿಮ್ಮಲ್ಲಿ ಅಂಗವೈಕಲ್ಯ ಇರುವವರು ಎಷ್ಟು ಜನ, ಅವರಿಗೆ ಏನೇನು ಅನುಕೂಲ ಮಾಡಿದ್ದೀರಿ ಎಂದು ಬರೆದು ಕೇಳಿದ್ದಾರಂತೆ. "ಏನಾದ್ರೂ ಮಾಡಿ, ಕಾಣೋ ಹಾಗೆ ಮಾಡಿ" ಎಂದರು.

ಕಾಣುವ ಹಾಗೆ ಮೊದಲು ಮುಂಬಾಗಿಲಿಗೆ ಇಳಿಜಾರು ಕಟ್ಟಿಸಿದೆ. ಎಷ್ಟು ಎತ್ತರಕ್ಕೆ ಎಷ್ಟು ಉದ್ದ ಎಂದೆಲ್ಲ ಓದಿಕೊಂಡು ಮೇಸ್ತ್ರಿಯ ಜೊತೆ ಜಗಳವಾಡಿದೆ. ಮೊದಲು ಹತ್ತಿದ್ದು ಕಾವಲಿನವರ ಸೈಕಲ್. ಭಾನುವಾರ ಹೆಮ್ಮೆಯಿಂದ ನಿನ್ನ ಅಳಿಯನಿಗೆ ತೋರಿಸಿದೆ. ಅವನು ಮೇಲೆ ಹತ್ತಿ ಬಾಗಿಲು ತಳ್ಳಿ, "ಈ ಸ್ಪ್ರಿಂಗು ಎರಡು ಕೈಯಲ್ಲಿ ತಳ್ಳಿದ್ರೂ ಬಗ್ಗಲ್ವಲ್ಲೇ. ಗಾಲಿಕುರ್ಚಿಯೋರು ಇಲ್ಲಿವರೆಗೂ ಬಂದು ಗಾಳಿ ತಗೊಂಡು ಹೋಗ್ಬೇಕಾ?" ಎಂದ. ಸ್ಪ್ರಿಂಗ್ ಬದಲಾಯಿಸಲು ಬರೆದುಕೊಟ್ಟಿದ್ದೇನೆ.

ಎರಡನೆಯದು ಒಂದು ಫಾರಂ. "ನಿಮಗೆ ಯಾವುದಾದರೂ ಅಂಗವೈಕಲ್ಯ ಇದೆಯೇ? ಹೌದು, ಇಲ್ಲ." ನೂರ ಎಂಬತ್ತಾರು ಜನರಿಗೂ ಹಂಚಿದ್ದೇನೆ.

ಇಲ್ಲಿ ನನಗೆ ತುಂಬ ಇಷ್ಟವಾದವರು ಟಿಣ್ಣಕ್ಕ. ಒಲೆಯಿಂದ ಬಂದು ಆರಿದ ಪ್ರತಿ ಬಟ್ಟಲನ್ನೂ ಅವರು ಸಣ್ಣ ಮರದ ಕಡ್ಡಿಯಿಂದ ಬಡಿಯುತ್ತಾರೆ. ಗಟ್ಟಿ ಬಟ್ಟಲು ಟಿಣ್ ಎನ್ನುತ್ತದೆ, ಕಣ್ಣಿಗೆ ಕಾಣದ ಬಿರುಕಿದ್ದರೆ ಟಪ್ ಎನ್ನುತ್ತದೆ. ಹದಿನಾರು ವರ್ಷದಿಂದ ಅದೇ ಮೇಜು. ಬಡಿಯುವಾಗ ಕಣ್ಣು ಮುಚ್ಚುತ್ತಾರೆ, ಹಾಡುವವರು ಶ್ರುತಿ ಹಿಡಿಯುವ ಹಾಗೆ. ನೋಡುತ್ತ ನಿಂತರೆ ನನ್ನ ಕೆಲಸವೇ ಮರೆತುಹೋಗುತ್ತದೆ.

ಅಮ್ಮನನ್ನು ಎರಡು ಸಲ ಕೇಳಿದೆ ಎಂದು ಹೇಳು, ಅವಳು ಎಲ್ಲವನ್ನೂ ಎರಡು ಸಲ ಹೇಳುತ್ತಾಳಲ್ಲ.

ನಿನ್ನ ವಟವಟ


ಫೆಬ್ರವರಿ 18

ವಟವಟ,

ಕಾಗದ ಮೂರು ಸಲ ಓದಿದೆ. ಒತ್ತಕ್ಷರ ಒಂಬತ್ತು ಕಡೆ ತಪ್ಪಿದೆ, ಗುರುತು ಹಾಕಿಲ್ಲ. ದವಡೆಹಲ್ಲು ಸರಿಯಾಗಿ ಬರೆದಿದ್ದೀಯ, ಅಳಿಯನ ಪ್ರಭಾವ.

ನನ್ನ ಕೀಲಿ ಅಂಗಡಿ ಎಂದಿನಂತಿದೆ. ಈ ವಾರ ಒಂದೇ ಮನೆಯ ಮೂವರು ಒಂದೇ ಬೀಗಕ್ಕೆ ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ ಕೀಲಿ ಮಾಡಿಸಿಕೊಂಡು ಹೋದರು. ನಾನು ಯಾರಿಗೂ ಹೇಳಲಿಲ್ಲ.

ಆ ಬಟ್ಟಲು ಬಡಿಯುವ ಹೆಂಗಸಿನ ವಿಷಯ ಇನ್ನೂ ಸ್ವಲ್ಪ ಬರೆ. ಬಟ್ಟಲನ್ನು ಯಾವ ಬೆರಳುಗಳ ಮೇಲೆ ಇಡುತ್ತಾಳೆ? ಬುಡ ಹಿಡಿಯುತ್ತಾಳೋ, ಅಂಚನ್ನೋ? ಕಣ್ಣು ಮುಚ್ಚುವುದು ಬಡಿಯುವ ಮೊದಲೋ, ಬಡಿದ ಮೇಲೋ? ಪಕ್ಕದಲ್ಲಿ ಯಂತ್ರ ಓಡುವಾಗಲೂ ಅಷ್ಟೇ ವೇಗವಾಗಿ ಮಾಡುತ್ತಾಳೋ? ಹಿಂದಿನಿಂದ ಯಾರಾದರೂ ಕರೆದರೆ ತಿರುಗುತ್ತಾಳೆಯೇ?

ಸುಮ್ಮನೆ ಕುತೂಹಲ. ಕಬ್ಬಿಣದ ಜೊತೆ ಇದ್ದವನಿಗೆ ಮಣ್ಣಿನ ಕೆಲಸ ಹೊಸದು.

ಅಪ್ಪ


ಮಾರ್ಚ್ 2

ಅಪ್ಪಾ,

ನೀನು ಕೀಲಿ ಮಾಡುವುದು ಬಿಟ್ಟು ಪತ್ತೇದಾರ ಆಗಬೇಕಿತ್ತು. ನಿನ್ನ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಒಂದೊಂದಾಗಿ ನೋಡಿದೆ. ಈಗ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ.

ಮೊದಲು ಫಾರಂ ಕಥೆ ಮುಗಿಸುತ್ತೇನೆ. ನೂರ ಎಂಬತ್ತಾರರಲ್ಲಿ ನೂರ ಎಂಬತ್ತೈದು "ಇಲ್ಲ". ಒಂದು ಖಾಲಿ ಬಂತು. ಕೊನೆಗೂ ಯಾರೋ ಯೋಚನೆ ಮಾಡಿದ್ದಾರೆ ಎಂದು ಖುಷಿಯಿಂದ ತಿರುಗಿಸಿ ನೋಡಿದರೆ ಅದು ನನ್ನದೇ, ತುಂಬಲು ಮರೆತಿದ್ದೆ. ಮ್ಯಾನೇಜರ್ "ನೋಡಿದ್ರಾ, ನಮ್ಮಲ್ಲಿ ಯಾರೂ ಇಲ್ಲ. ಇಳಿಜಾರಿನ ಫೋಟೋ ಕಳಿಸಿ ಕೈತೊಳ್ಕೊಳ್ಳೋಣ" ಎಂದರು. ಅಳು ಬರುವ ಹಾಗಾಯಿತು.

ಈಗ ಉತ್ತರಗಳು. ಬಟ್ಟಲಿನ ಬುಡ ಎಡಗೈಯ ಮೂರು ಬೆರಳ ತುದಿಯ ಮೇಲೆ, ಹೆಬ್ಬೆರಳು ಎಲ್ಲಿಗೂ ತಾಗುವುದಿಲ್ಲ. ಕಣ್ಣು ಮುಚ್ಚುವುದು ಬಡಿಯುವ ಮೊದಲು. ಪಕ್ಕದಲ್ಲಿ ಮಣ್ಣು ಅರೆಯುವ ಯಂತ್ರ ಇದೆ, ಅದು ಓಡುವಾಗ ನನಗೆ ನನ್ನ ಯೋಚನೆಯೂ ಕೇಳಿಸುವುದಿಲ್ಲ. ಟಿಣ್ಣಕ್ಕನ ವೇಗ ಮಾತ್ರ ಒಂದು ಕೂದಲಿನಷ್ಟೂ ಕಡಿಮೆಯಾಗುವುದಿಲ್ಲ. ಯಂತ್ರ ನಿಂತಾಗ ಹಿಂದಿನಿಂದ ಕರೆದೆ. ತಿರುಗಲಿಲ್ಲ. ಇನ್ನೂ ಹತ್ತಿರ ಹೋಗಿ ಕರೆದೆ. ಕೊನೆಗೆ ಡಬ್ಬಿಯ ಮುಚ್ಚಳ ಬೀಳಿಸಿದೆ. ಆಚೆ ಮೇಜಿನವರು ಬೆಚ್ಚಿ ಬಿದ್ದರು. ಟಿಣ್ಣಕ್ಕ ಮುಂದಿನ ಬಟ್ಟಲು ತೆಗೆದುಕೊಂಡರು.

ಅಪ್ಪಾ, ಅವರಿಗೆ ಕೇಳಿಸುವುದಿಲ್ಲ. ಅವರು ಬೆರಳಿನಲ್ಲಿ ಕೇಳುತ್ತಾರೆ. ಇಡೀ ಕಾರ್ಖಾನೆಯಲ್ಲಿ ಶಬ್ದದ ಕೆಲಸ ಮಾಡುವ ಒಬ್ಬರೇ ಒಬ್ಬರು, ಅವರಿಗೇ ಶಬ್ದ ಬೇಕಾಗಿಲ್ಲ. ಇದಕ್ಕಿಂತ ಚೆಂದದ್ದನ್ನು ನಾನು ಈವರೆಗೆ ಕಂಡಿಲ್ಲ, ಗಂಡನನ್ನೂ ಸೇರಿಸಿ.

ನಾಳೆ ಮೀಟಿಂಗ್ ಇದೆ. "ನಮ್ಮಲ್ಲಿ ಯಾರೂ ಇಲ್ಲ" ಎಂದು ಇನ್ನೊಂದು ಸಲ ಹೇಳಲಿ, ಎದ್ದು ನಿಂತು ಹೇಳುತ್ತೇನೆ. ಗೋಡೆಯ ಮೇಲೆ ಟಿಣ್ಣಕ್ಕನ ಫೋಟೋ ಹಾಕಿಸಬೇಕು ಎಂದು ಆಸೆ. ಅವರಿಗೆ ಮೊದಲೇ ಹೇಳುವುದಿಲ್ಲ, ಆಶ್ಚರ್ಯವಾಗಲಿ.

ಕುಣಿಯುತ್ತಿರುವ
ವಟವಟ


ಮಾರ್ಚ್ 6

ಮಗಳೇ,

ಈ ಕಾಗದ ತಲುಪುವ ಹೊತ್ತಿಗೆ ನಿನ್ನ ಮೀಟಿಂಗ್ ಮುಗಿದಿರುತ್ತದೆ ಎಂದು ಗೊತ್ತು. ಆದರೂ ಬರೆಯುತ್ತಿದ್ದೇನೆ. ಹೇಳಿರದಿದ್ದರೆ ಹೇಳಬೇಡ. ಹೇಳಿದ್ದರೆ, ಆಕೆಗೆ ಏನಾಯಿತು ಎಂದು ಮಾತ್ರ ಬರೆ.

ಅಪ್ಪ


ಮಾರ್ಚ್ 9

ಅಪ್ಪಾ,

ಹೇಳಿದೆ.

ಎದ್ದು ನಿಂತು, ಕೈ ಆಡಿಸಿಕೊಂಡು, ಬಟ್ಟಲು ಹಿಡಿಯುವುದನ್ನು ಅಭಿನಯಿಸಿ ತೋರಿಸಿ ಹೇಳಿದೆ. ಎಲ್ಲರೂ "ಹೌದಾ" ಎಂದರು. ನಾನು ಅದನ್ನು ಮೆಚ್ಚುಗೆ ಎಂದುಕೊಂಡು ಕೂತೆ. ಮಾರನೆಯ ಬೆಳಿಗ್ಗೆ ಆ ಮೇಜಿನಲ್ಲಿ ಬೇರೆ ಯಾರೋ ಇದ್ದರು. ಟಿಣ್ಣಕ್ಕ ಪ್ಯಾಕಿಂಗ್ ಕೋಣೆಯಲ್ಲಿ ಬಟ್ಟಲುಗಳಿಗೆ ಕಾಗದ ಸುತ್ತುತ್ತಿದ್ದರು.

ಮ್ಯಾನೇಜರ್ ಕೆಟ್ಟವರಲ್ಲ, ಅದೇ ತೊಂದರೆ. "ಆಕೆಯ ಒಳ್ಳೇದಕ್ಕೇ ಮಾಡಿದ್ದಮ್ಮ. ಬೆನ್ನ ಹಿಂದೆ ತಳ್ಳುಗಾಡಿ ಓಡಾಡುತ್ತೆ, ಗಂಟೆ ಹೊಡೆದ್ರೂ ಕೇಳಲ್ಲ, ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?" ಎಂದರು. ನಾನು ವಾದಿಸಿದೆ. ಅವರು ಮೇಜಿನ ಕಾರ್ಡ್ ತೆಗೆದು ನನ್ನ ಮುಂದೆ ಇಟ್ಟರು. "ಪ್ರತಿ ಬಟ್ಟಲಿನ ಶಬ್ದ ಕೇಳಿ, ಬಿರುಕಿದ್ದರೆ ಬೇರೆ ಇಡಿ." ಅದರ ಮೇಲೆ ಬೆರಳಿಟ್ಟು, "ಶಬ್ದ ಕೇಳಿ ಅಂತ ಇದೆ. ಕೇಳದವರನ್ನ ಅಲ್ಲಿ ಕೂರಿಸಿದ್ರೆ ನಾಳೆ ಹೋಟೆಲ್‌ನೋರು ನನ್ನ ಕೇಳ್ತಾರೆ" ಎಂದರು.

ಪ್ಯಾಕಿಂಗ್ ಕೋಣೆಗೆ ಹೋದೆ. ಅವರ ಎದುರಿಗೆ ನಿಂತು ಕ್ಷಮಿಸಿ ಎಂದೆ. ಅವರು ನನ್ನ ತುಟಿ ನೋಡುತ್ತಿದ್ದರು. ಇಷ್ಟು ದಿನ ನನ್ನನ್ನೇ ಗಮನಕೊಟ್ಟು ನೋಡುತ್ತಾರೆ ಎಂದು ಹಿಗ್ಗಿದ್ದೆ.

"ಏಳು ವರ್ಷ ಆಯ್ತು ಕಿವಿ ಹೋಗಿ" ಎಂದರು. "ಏಳು ವರ್ಷ ನನ್ನ ಮೇಜು ಯಾರೂ ಮುಟ್ಟಲಿಲ್ಲ. ನೀನು ಒಳ್ಳೇದು ಮಾಡೋಕೆ ಹೋದೆ ಅಂತ ಗೊತ್ತಮ್ಮ. ಅದಕ್ಕೇ ಬಾಯ್ತುಂಬ ಬೈಯೋಕೂ ಆಗ್ತಿಲ್ಲ, ಅದೇ ಸಂಕಟ."

ನಾನು ಏನೋ ಹೇಳಲು ಹೋದೆ. ಅವರು ಮುಗಿಸಿರಲಿಲ್ಲ.

"ನನಗೆ ಕೇಳಲ್ಲ ಸರಿ. ಅದಕ್ಕೆ ನನ್ನನ್ನೂ ಕೇಳಲ್ವಾ?"

ಆಮೇಲೆ ಒಂದು ಬಟ್ಟಲು ಎತ್ತಿ ಮೂರು ಬೆರಳ ಮೇಲೆ ಇಟ್ಟು, ಉಗುರಿನಿಂದ ತಟ್ಟಿ, ನನ್ನ ಕಡೆ ನೋಡಿ, "ಇದು ಬಿರುಕು" ಎಂದರು. ಎಂದವರು ಅದಕ್ಕೆ ನೀಟಾಗಿ ಕಾಗದ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. "ಅಕ್ಕ, ಬಿರುಕು ಅಂದ್ರಲ್ಲ" ಎಂದೆ. "ಈಗ ನನ್ನ ಕಾರ್ಡಲ್ಲಿ ಸುತ್ತೋದು ಅಂತ ಮಾತ್ರ ಇದೆ" ಎಂದರು.

ಇವತ್ತು ನಿನ್ನ ಆ ನಾಲ್ಕು ಸಾಲಿನ ಕಾಗದ ಬಂತು. ನಿನಗೆ ಮೊದಲೇ ಹೇಗೆ ಗೊತ್ತಾಯಿತು? ಯಾಕೆ ಆ ಪ್ರಶ್ನೆಗಳನ್ನೆಲ್ಲ ಕೇಳಿದೆ? ನಾನು ಬೈಯುತ್ತಿಲ್ಲ. ತಿಳಿದುಕೊಳ್ಳಬೇಕು.

ನಿನ್ನ ಮಗಳು


ಮಾರ್ಚ್ 19

ವಟವಟ,

ಉತ್ತರ ತಡವಾಯಿತು. ನಾಲ್ಕು ಸಲ ಬರೆದು ಹರಿದೆ. ಐದನೆಯ ಸಲ ನಿನ್ನ ಅಮ್ಮ "ಈಗ ಹರಿದ್ರೆ ನಾನೇ ಬರೆದು ಕಳಿಸ್ತೀನಿ" ಎಂದಳು.

ಆ ಪ್ರಶ್ನೆಗಳನ್ನು ಕೇಳಿದ್ದು, ನಾನೂ ಹಾಗೇ ಮಾಡುವವನಾದ್ದರಿಂದ. ನನಗೆ ಕಿವಿ ಕೇಳಿಸುವುದಿಲ್ಲ. ಪೂರ್ತಿ ಅಲ್ಲ, ಮುಕ್ಕಾಲು. ತಗಡು ಒತ್ತುವ ಪ್ರೆಸ್ಸಿನ ಸದ್ದಿನಲ್ಲಿ ಇಪ್ಪತ್ತೆರಡು ವರ್ಷ ನಿಂತದ್ದರ ಫಲ. ಕೀಲಿಯ ಹಲ್ಲು ಸರಿಯಾಗಿ ಕೊರೆದಿದೆಯೇ ಎಂದು ಈಗ ಬೆರಳಿಗೆ ಗೊತ್ತಾಗುತ್ತದೆ. ಜನ ಹೇಳುವುದು ತುಟಿಯಲ್ಲಿ ಕಾಣುತ್ತದೆ. ಉಳಿದದ್ದನ್ನು ನಿನ್ನ ಅಮ್ಮ ನನ್ನ ಕಡೆ ಮುಖಮಾಡಿ ಇನ್ನೊಂದು ಸಲ ಹೇಳುತ್ತಾಳೆ. ಅವಳು ಎರಡೆರಡು ಸಲ ಮಾತಾಡುತ್ತಾಳೆ ಎಂದು ನೀನು ಚಿಕ್ಕಂದಿನಿಂದ ಅಣಕಿಸುತ್ತಿದ್ದೆ. ಅವಳು ಒಂದು ದಿನವೂ ತಿರುಗಿ ಹೇಳಲಿಲ್ಲ, ನಾನು ಬೇಡ ಎಂದಿದ್ದೆ. ನಿನಗೆ ಗೊತ್ತಾಗದೇ ಹೋದದ್ದು ನಿನ್ನ ತಪ್ಪಲ್ಲ. ನಿನ್ನ ಮಾತು ಅರ್ಧ ಮುಖದಲ್ಲೇ ಇರುತ್ತದೆ. ನನಗೆ ಅತಿ ಸುಲಭವಾಗಿ ಕೇಳಿಸುವವಳು ನೀನೇ.

ಪ್ರೆಸ್ಸಿನಲ್ಲೂ ವರ್ಷಕ್ಕೊಮ್ಮೆ ನಿನ್ನದರಂತೆಯೇ ಒಂದು ಫಾರಂ ಬರುತ್ತಿತ್ತು. ಆರು ವರ್ಷ "ಇಲ್ಲ" ಎಂದು ಬರೆದೆ. ಒಂದು ದಿನ ತಗಡು ಸಿಕ್ಕಿಕೊಂಡಿತು, ಫೋರ್‌ಮನ್ ಹಿಂದಿನಿಂದ ನಿಲ್ಲಿಸು ಎಂದು ಮೂರು ಸಲ ಕೂಗಿದನಂತೆ. ಯಾರಿಗೂ ಏನೂ ಆಗಲಿಲ್ಲ. ಆದರೆ ತಿರುಗಿದಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಯಾಕೆ ನಿಲ್ಲಿಸಲಿಲ್ಲ" ಎಂದ. "ನೀನು ಹೇಳಿದ್ದಕ್ಕೆಲ್ಲ ನಿಲ್ಲಿಸೋಕೆ ನಾನೇನು ನಿನ್ನ ಆಳಾ?" ಎಂದೆ. ಕಿವುಡ ಎನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವನು ಎನ್ನಿಸಿಕೊಳ್ಳುವುದು ಸುಲಭವಾಗಿತ್ತು. ಅದೇ ವಾರ ಕೆಲಸ ಬಿಟ್ಟೆ. ಅಪ್ಪ ಜಗಳವಾಡಿ ಕೆಲಸ ಬಿಟ್ಟ ಎಂದು ನೀನು ನಂಬಿದ್ದೀಯ, ಊರೂ ನಂಬಿದೆ.

ಇನ್ನೊಂದು. ನಿನ್ನ ಗಂಡ ನಿನ್ನನ್ನು ಕೇಳಲು ಬಂದ ದಿನ ತಲೆ ತಗ್ಗಿಸಿ, ಚಪ್ಪಲಿ ನೋಡುತ್ತ ಮಾತಾಡಿದ. ಒಂದು ಅಕ್ಷರವೂ ತಿಳಿಯಲಿಲ್ಲ. ಎಲ್ಲೋ ಬೀಗ ಕೆಟ್ಟಿದೆ ಎನ್ನುತ್ತಿರಬೇಕು ಎಂದು "ಹೂಂ, ಆಗಲಿ" ಎಂದೆ. ಅವನು ಅತ್ತ ಮೇಲೆ ಗೊತ್ತಾಯಿತು. ಒಪ್ಪಿಕೊಂಡದ್ದು ಒಳ್ಳೆಯದೇ ಆಯಿತು.

ಆ ಹೆಂಗಸಿನ ಮೇಜು ಹೋದದ್ದಕ್ಕೆ ನಾನೂ ಪಾಲುದಾರ. ನನ್ನ ಹಾಗೆ ಇನ್ನೊಬ್ಬರಿದ್ದಾರೆ ಎಂದು ತಿಳಿಯುವ ಆಸೆಗೆ ನಿನ್ನನ್ನು ಅಲ್ಲಿಗೆ ಕಳಿಸಿದೆ. ಈಗ ನನಗೆ ದಿನಾ ಆಕೆಯದೇ ಯೋಚನೆ. ಗೊತ್ತಾದ ಮೇಲೂ ಆಕೆ ಆ ಮೇಜಿನಲ್ಲಿ ಕೂರಬಲ್ಲಳೇ? ನನಗೆ ಅದನ್ನು ನೋಡಬೇಕಾಗಿದೆ.

ಒಂದು ಕೆಲಸ ಮಾಡು. "ಶಬ್ದ ಕೇಳಿ" ಎನ್ನುವುದು ನಿನ್ನ ಅನುವಾದವಲ್ಲವೇ? ನಾನು ಪ್ರೆಸ್ಸಿನಲ್ಲಿ ಕಂಡ ಇಂಥ ಹಳೆಯ ಕಾರ್ಡುಗಳು ಕೈ ಏನು ಮಾಡಬೇಕೆಂದು ಹೇಳುತ್ತಿದ್ದವು, ಕಿವಿಯ ಸುದ್ದಿ ಎತ್ತುತ್ತಿರಲಿಲ್ಲ. ಮೂಲದಲ್ಲಿ ಏನಿತ್ತು, ನೋಡು.

ಅಪ್ಪ


ಮಾರ್ಚ್ 27

ಅಪ್ಪಾ,

ನಿನ್ನ ಕಾಗದದ ಬಗ್ಗೆ ಈಗ ಬರೆಯಲಾರೆ. ನಿನ್ನ ಅಳಿಯನಿಗೆ ಓದಿ ಹೇಳುವಾಗ ಚಪ್ಪಲಿಯ ಭಾಗಕ್ಕೆ ಬಂದಾಗ ಇಬ್ಬರೂ ನಕ್ಕೆವು, ಆಮೇಲೆ ನಾನು ನಗು ನಿಲ್ಲಿಸಿ ಅತ್ತೆ. ಅವನಿಗೆ ಈಗ ಗಾಬರಿ, ಮಾವನನ್ನು ಇನ್ನೊಮ್ಮೆ ಮುಖ ನೋಡಿ ಕೇಳಬೇಕಾ ಎಂದು. ಬೇಡ, ಸಾಮಾನು ಆಗಲೇ ತಲುಪಿದೆ ಎಂದೆ. ಅಮ್ಮನಿಗೆ ಬೇರೆ ಕಾಗದ ಬರೆದಿದ್ದೇನೆ. ಅದನ್ನು ನೀನು ಓದಬೇಡ.

ಕಾರ್ಡ್ ಹುಡುಕಿದೆ. ಹಳೆಯದೆಲ್ಲ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕಟ್ಟಿಟ್ಟಿದ್ದರು. ಆ ಮೇಜಿನ ಕಾರ್ಡಿನ ಮೊದಲ ಸಾಲಿನಲ್ಲಿರುವುದು ಇಷ್ಟೇ: ಸೌಂಡ್ ಈಚ್ ಕಪ್.

ಸೌಂಡ್ ಎಂದರೆ ಶಬ್ದ. ನರ್ಸರಿಯಲ್ಲಿ ಕಲಿತದ್ದು. ಶಬ್ದ ಎಂದ ಮೇಲೆ ಕೇಳುವುದು ಇರಲೇಬೇಕು ಎಂದು ನಾನೇ "ಕೇಳಿ" ಸೇರಿಸಿದ್ದೆ. ಆದರೆ ಇಲ್ಲಿ ಅದು ಶಬ್ದ ಅಲ್ಲ, ಅಪ್ಪಾ, ಮಾಡುವ ಕೆಲಸ. ಬಡಿ, ಶಬ್ದ ಹೊರಡಿಸು ಎಂದು. ಕಿವಿಯ ಮಾತೇ ಇಲ್ಲ. ಅದನ್ನು ಆ ಮೇಜಿಗೆ ತಂದು ಕೂರಿಸಿದ್ದು ನಾನು, ದಪ್ಪಕ್ಷರದಲ್ಲಿ. ನನ್ನ ಕನ್ನಡ ಕೆಟ್ಟಿದೆ ಎಂದು ನೀನು ಇಷ್ಟು ವರ್ಷ ಬೈದೆ. ಕೆಟ್ಟಿರುವುದು ಇಂಗ್ಲಿಷ್.

ಸರಿಯಾದ ಕನ್ನಡ ಯಾವುದು ಎಂದು ಹೊಳೆಯಲಿಲ್ಲ. ಈ ಸಲ ಕೇಳಿದೆ. ಪ್ಯಾಕಿಂಗ್ ಕೋಣೆಗೆ ಹೋಗಿ ಟಿಣ್ಣಕ್ಕನ ಎದುರಿಗೆ ಬೆಳಕಿನಲ್ಲಿ ಕೂತು, "ಈ ಕೆಲಸಕ್ಕೆ ನೀವು ಏನಂತೀರಿ?" ಎಂದೆ.

"ಯಾವ ಕೆಲಸಕ್ಕೆ? ಸುತ್ತೋದಕ್ಕಾ?"

"ಅಲ್ಲ ಅಕ್ಕ, ಅದು."

ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. "ನುಡಿಸೋದು ಅಂತೀವಿ. ನನಗೆ ಕಲಿಸಿದ ಅಜ್ಜ ಹಾಗೇ ಅಂತಿದ್ರು. ಬಟ್ಟಲು ನುಡಿಸು, ಹೇಗಿದೀನಿ ಅಂತ ಅದೇ ಹೇಳುತ್ತೆ ಅಂತ."

ಎರಡು ಕಾರ್ಡನ್ನೂ ತೋರಿಸಿ ನಡೆದದ್ದು ಹೇಳಿದೆ. ಅವರು ಓದಿ, ಮತ್ತೆ ಓದಿ, "ಅಂದ್ರೆ ನಿನ್ನ ಎರಡು ಪದ ನನ್ನ ಮೇಜಿಂದ ಎಬ್ಬಿಸ್ತು ಅನ್ನು" ಎಂದರು. ಹೌದು ಎಂದೆ. "ಮ್ಯಾನೇಜರ್ ಹತ್ರ ಹೋಗ್ತೀನಿ, ನೀವು ಒಪ್ಪಿದ್ರೆ ಮಾತ್ರ. ನೀವೂ ಬಂದ್ರೆ ಇನ್ನೂ ಒಳ್ಳೇದು" ಎಂದೆ. "ಪರೀಕ್ಷೆ ಗಿರೀಕ್ಷೆ ಅಂದ್ರೆ ನಾನು ಬರಲ್ಲ. ಹದಿನಾರು ವರ್ಷ ದಿನಾ ಕೊಟ್ಟಿದೀನಿ" ಎಂದರು. ಆಮೇಲೆ ಕೈ ಒರೆಸಿಕೊಂಡು ಎದ್ದರು.

ಮ್ಯಾನೇಜರ್ ಕಾರ್ಡ್ ಓದಿ ನನ್ನನ್ನೇ ನೋಡಿದರು. "ಅಂದ್ರೆ ತಪ್ಪು ನಿಮ್ಮದು."

"ಹೌದು. ಬರೆದು ಕೊಡ್ತೀನಿ."

"ಪದ ಬದಲಾಯಿಸಬಹುದು. ತಳ್ಳುಗಾಡಿ?"

ನಾನು ಬಾಯಿ ತೆಗೆಯುವ ಮೊದಲೇ ಟಿಣ್ಣಕ್ಕ ಹೇಳಿದರು. "ಮೇಜು ತಿರುಗಿಸಿ. ಈಗ ದಾರಿಗೆ ಬೆನ್ನು, ಗೋಡೆಗೆ ಮುಖ. ಗೋಡೇಲಿ ಏನಿದೆ ನೋಡೋಕೆ? ದಾರಿಗೆ ಮುಖ ಮಾಡಿದ್ರೆ ಗಾಡಿ ಬರೋದು ನಿಮಗಿಂತ ಮೊದಲು ನನಗೇ ಕಾಣುತ್ತೆ. ಗಂಟೆ ಜೊತೆ ಒಂದು ಕೆಂಪು ದೀಪ ಹಾಕಿಸಿ, ಅರೆಯೋ ಯಂತ್ರ ಓಡುವಾಗ ಗಂಟೆ ಯಾರಿಗೂ ಕೇಳಲ್ಲ, ನಿಮಗೂ ಕೇಳಲ್ಲ."

ಮ್ಯಾನೇಜರ್ ಬರೆದುಕೊಳ್ಳುತ್ತಿದ್ದರು. ತಲೆ ಬಗ್ಗಿಸಿಯೇ "ಇನ್ನೇನಾದ್ರೂ" ಎಂದರು. ಟಿಣ್ಣಕ್ಕ ಸುಮ್ಮನೆ ನಿಂತರು. ಅವರು ಮತ್ತೆ ಅದನ್ನೇ ಕೇಳಿದರು, ಮತ್ತೆ ಕೆಳಗೆ ನೋಡಿಕೊಂಡೇ. ನಾನು ಕೆಮ್ಮಿದೆ. ಅವರು ತಲೆ ಎತ್ತಿ, ಒಂದು ಕ್ಷಣ ಪೆಚ್ಚಾಗಿ, ಮೂರನೆಯ ಸಲ ಟಿಣ್ಣಕ್ಕನ ಮುಖ ನೋಡಿ ಕೇಳಿದರು.

"ಮೇಜಿನ ಕಾಲಿಗೆ ದಪ್ಪ ರಬ್ಬರ್" ಎಂದರು ಟಿಣ್ಣಕ್ಕ. "ಆ ಯಂತ್ರದ ನಡುಕ ನೆಲದಿಂದ ಹತ್ತಿ ನನ್ನ ಬೆರಳಿಗೆ ಬರುತ್ತೆ. ಕಿವಿ ಇದ್ದೋರಿಗೆ ಗಲಾಟೆ ಹೇಗೋ ನನಗೆ ಅದು ಹಾಗೆ. ಏಳು ವರ್ಷದಿಂದ ಗಲಾಟೇಲೇ ಕೆಲಸ ಮಾಡ್ತಿದೀನಿ."

ಇದು ನನಗೆ ಸಾವಿರ ವರ್ಷ ಯೋಚಿಸಿದರೂ ಹೊಳೆಯುತ್ತಿರಲಿಲ್ಲ. ಮ್ಯಾನೇಜರ್ "ನೋಡೋಣ" ಎಂದಿದ್ದಾರೆ. ಹೋಟೆಲಿನವರ ಒಪ್ಪಿಗೆ ಬೇಕಂತೆ. ಕಾಯುತ್ತಿದ್ದೇವೆ.

ವಟವಟ


ಏಪ್ರಿಲ್ 14

ವಟವಟ,

ಒಪ್ಪಿಗೆ ಬಂತೇ?

ಅಪ್ಪ


ಏಪ್ರಿಲ್ 30

ಅಪ್ಪಾ,

ಬಂತು. ಕಾಗದ ಬಂದದ್ದು ಹೋದ ವಾರ, ಮೇಜು ತಿರುಗಿದ್ದು ಇವತ್ತು ಬೆಳಿಗ್ಗೆ.

ಹೋಟೆಲಿನವರು ಬರೆದದ್ದು ಒಂದೇ ಸಾಲು: ನಮಗೆ ಬಿರುಕಿಲ್ಲದ ಕಪ್ ಬೇಕು, ಹೇಗೆ ನೋಡುತ್ತೀರಿ ಎನ್ನುವುದು ನಿಮಗೆ ಬಿಟ್ಟದ್ದು. ನಾಲ್ಕು ಜನ ಸೇರಿ ಮೇಜು ತಿರುಗಿಸಿದರು. ರಬ್ಬರ್ ಸಿಗಲಿಲ್ಲ, ಹಳೆಯ ಟೈರು ಕತ್ತರಿಸಿ ಇಟ್ಟಿದ್ದಾರೆ. ದೀಪ ಹತ್ತುತ್ತದೆ. ಮೊದಲ ಬಾರಿ ಹತ್ತಿದಾಗ ಅರೆಯುವ ಯಂತ್ರದವರು ಬಂದು "ನಮ್ಮ ಕಡೆಗೂ ಒಂದು ಹಾಕ್ಸಿ" ಎಂದರು. ಟಿಣ್ಣಕ್ಕ ಕೂತರು. ಒಂದು ಬಟ್ಟಲು ನುಡಿಸಿದರು, ನಿಲ್ಲಿಸಿದರು, ಅದನ್ನೇ ಇನ್ನೊಮ್ಮೆ ನುಡಿಸಿದರು. ಬಿರುಕಿದೆಯೇ ಎಂದು ನೋಡಿದೆ. ಅಲ್ಲವಂತೆ. "ಎಷ್ಟು ಸ್ಪಷ್ಟ ಇದೆ" ಎಂದರು.

ಕಾರ್ಡಿನಲ್ಲಿ ಈಗ "ಪ್ರತಿ ಬಟ್ಟಲನ್ನು ನುಡಿಸಿ, ಬಿರುಕಿದ್ದರೆ ಬೇರೆ ಇಡಿ" ಎಂದಿದೆ. ಗೋಡೆಗೆ ಫೋಟೋ ಹಾಕುವ ಮಾತು ಎತ್ತಿದ್ದಕ್ಕೆ ಟಿಣ್ಣಕ್ಕ "ನಿನ್ನದೇ ಹಾಕ್ಕೋ" ಎಂದರು.

ಫಾರಂ ಕೂಡ ಬದಲಾಯಿಸಿದೆ. ನಿಮಗೆ ಏನಿದೆ ಎಂದು ಕೇಳುವುದು ಬಿಟ್ಟು, ನಿಮ್ಮ ಮೇಜಿನಲ್ಲಿ ಏನು ಬದಲಾದರೆ ಕೆಲಸ ಸಲೀಸಾಗುತ್ತದೆ ಎಂದು ಕೇಳಿದೆ. ಹೆಸರು ಬರೆಯುವುದು ಬಿಡುವುದು ಅವರಿಗೆ ಬಿಟ್ಟದ್ದು. ನೂರ ಮೂವತ್ತು ಉತ್ತರ ಬಂದಿವೆ. ಹೂವಿನ ಚಿತ್ರ ಬರೆಯುವ ಒಬ್ಬರಿಗೆ ಕೆಂಪು ಹಸಿರು ಒಂದೇ ಥರ ಕಾಣುತ್ತದಂತೆ, ಹನ್ನೊಂದು ವರ್ಷದಿಂದ ಪಕ್ಕದವರ ಡಬ್ಬಿ ನೋಡಿ ಬಣ್ಣ ತೆಗೆಯುತ್ತಿದ್ದಾರೆ. ಡಬ್ಬಿಗೆ ನಂಬರ್ ಬರೆದರೆ ಸಾಕಂತೆ. ಇನ್ನೊಬ್ಬರಿಗೆ ಮಂಡಿ ಮಡಿಸಲಾಗದು, ಎತ್ತರದ ಸ್ಟೂಲ್ ಬೇಕು. ಒಬ್ಬರು ಮ್ಯಾನೇಜರ್ ಬದಲಾದರೆ ಸಲೀಸು ಎಂದು ಬರೆದಿದ್ದಾರೆ, ಅದನ್ನು ಬೇರೆ ಇಟ್ಟಿದ್ದೇನೆ. ರಾಶಿಯಿಂದ ಒಂದೊಂದೇ ತೆಗೆದು ಓದುವುದೆಂದರೆ ಬೀಗ ತೆರೆದಂತೆ. ನಿನಗೆ ದಿನಾ ಹೀಗೇ ಇರುತ್ತದೆಯೇ?

ಕಣ್ಣುಮುಚ್ಚಿ ಅಪ್ಪಿಕೊಂಡಿದ್ದೇನೆ.

ವಟವಟ


ಮೇ 8

ವಟವಟ,

ಕಾಗದ ಬಂದದ್ದು ಶನಿವಾರ. ಸೋಮವಾರ ಬೆಳಿಗ್ಗೆ ಅಂಗಡಿ ತೆರೆದೆ.

ಹತ್ತು ಗಂಟೆಗೆ ಒಬ್ಬರು ಬಂದರು, ಮೊಬೈಲ್ ನೋಡಿಕೊಂಡೇ ಏನೋ ಹೇಳಿ ಕೀಲಿ ಮುಂದಿಟ್ಟರು. ಎಂದಿನಂತೆ "ಹೂಂ" ಎನ್ನಬೇಕಿತ್ತು. ಒಂದು ಕೀಲಿಯೋ ಎರಡೋ ಎಂದು ಊಹಿಸಿ ಮಾಡಬೇಕಿತ್ತು. ತಪ್ಪಾದರೆ, ನೀವು ಹೇಳಿದ್ದೇ ಹಾಗೆ ಎಂದು ಸಿಡುಕಬೇಕಿತ್ತು. ಇಷ್ಟು ವರ್ಷ ಅದನ್ನೇ ಮಾಡಿದ್ದೇನೆ. ನಿನ್ನ ಅಮ್ಮ ಒಳಗಿನಿಂದ ಎದ್ದು ಬರುತ್ತಿದ್ದಳು, ಕೂರು ಎಂದು ಕೈ ಮಾಡಿದೆ.

"ನನಗೆ ಕಿವಿ ಕೇಳಿಸೋದಿಲ್ಲ" ಎಂದೆ. "ಮುಖ ಎತ್ತಿ ಹೇಳಿ."

ಆಮೇಲೆ ಏನಾಗುತ್ತದೆ ಎಂದು ನೋಡುತ್ತ ನಿಂತೆ.

ಅವರು ಮುಖ ಎತ್ತಿದರು.

"ಎರಡು ಮಾಡಿ" ಎಂದರು.

ಎರಡು ಮಾಡಿಕೊಟ್ಟೆ.

ಅಪ್ಪ